ಸಾವಂತ್ರೆವ್ವನ ಹೆಸರಿನಲ್ಲಿ ಕೇಳದ ಹೂವು

ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯ ಬಾಣಂತಿಯರ ವಾರ್ಡಿನಲ್ಲಿ ಸಾವಂತ್ರೆವ್ವ ನರ್ಸ್ ಆಗಿದ್ದಳು. ಗರಗದ ಹುಡುಗಿ. ತಾಯಿ ಖಾದಿ ಕೇಂದ್ರದಲ್ಲಿ ನೂಲು ತೆಗೆದು ಅವಳನ್ನು ಓದಿಸಿದ್ದಳು. ಅವರ ಕೇರಿಯಿಂದ ಬಿಳಿ ಸೀರೆ ಉಟ್ಟು ನೌಕರಿಗೆ ಹೋದ ಮೊದಲ ಹೆಣ್ಣುಮಗಳು ಅವಳೇ. ಗಂಡ ಅರ್ಜುನಪ್ಪ ಹೆಬ್ಬಳ್ಳಿಯವನು, ಧಾರವಾಡದ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಮದುವೆಗೆ ಮೊದಲೇ ಅವನು ಗೆಳೆಯರ ಜೊತೆ ಬೌದ್ಧನಾಗಿದ್ದ. ಆದ್ದರಿಂದ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಒಂದೇ ಇತ್ತು. ಇಬ್ಬರೂ ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿದ್ದರು. ಅರ್ಜುನಪ್ಪ ದಿನಾಲು ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಬರುತ್ತಿದ್ದ.

ಅವರಿಗೆ ಒಂದು ಹೆಣ್ಣು ಕೂಸು ಹುಟ್ಟಿತ್ತು. ಅರ್ಜುನಪ್ಪ ಸುಜಾತಾ ಎಂದು ಹೆಸರಿಟ್ಟ. ಅವನ ತಾಯಿ ಶೇವಂತೆವ್ವನಿಗೆ ಆ ಹೆಸರು ರುಚಿಸದೆ, ತನ್ನ ದೇವರ ನೆನಪಿಗೆ ದುರಗಿ ಎಂದೇ ಕರೆದಳು. ಕೂಸು ಎರಡಕ್ಕೂ ತಿರುಗಿ ನೋಡುತ್ತಿತ್ತು. ಅರವತ್ತೊಂದನೆಯ ಇಸವಿಯ ಮಳೆಗಾಲದಲ್ಲಿ ಗಂಟಲುಮಾರಿ ಬಂದು ಅದು ತೀರಿಕೊಂಡಿತು. ಸಾವಂತ್ರೆವ್ವ ಕೂಸಿನ ಕಣ್ಣು ತಾನೇ ಮುಚ್ಚಿದಳು. ದಿನದ ಕಾರ್ಯ ಮುಗಿದ ಮೇಲೆ ಸೀರೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿಕೊಂಡು ಡ್ಯೂಟಿಗೆ ಹೋದಳು. ಎಷ್ಟು ಗಟ್ಟಿ ಹೆಂಗಸು ಎಂದು ಜನ ಹೊಗಳಿದರು.

ಗಟ್ಟಿತನವೇನೂ ಇರಲಿಲ್ಲ. ಬಹಳ ಹೊತ್ತು ಮಡಚಿಕೊಂಡು ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಅವಳಿಗೆ ಒಳಗೆಲ್ಲ ಜೋಮು ಹಿಡಿದಿತ್ತು. ಕಾಲನ್ನಾದರೆ ಕೊಡವಬಹುದು. ಇದನ್ನು ಹೇಗೆ ಕೊಡವುವುದೆಂದು ಅವಳಿಗೆ ತಿಳಿಯಲಿಲ್ಲ. ಸೂಜಿ ಚುಚ್ಚುತ್ತಿದ್ದಳು, ಕೂಸುಗಳಿಗೆ ಎರೆಯುತ್ತಿದ್ದಳು, ಮನೆಗೆ ಬಂದು ರೊಟ್ಟಿ ಬಡಿಯುತ್ತಿದ್ದಳು. ಮಾತಾಡಿಸಿದರೆ "ಹೂಂ" ಎನ್ನುತ್ತಿದ್ದಳು.

ಹೀಗಿರುವಾಗ ಇಥಿಯೋಪಿಯಾದ ಸುದ್ದಿ ಬಂತು. ಅರ್ಜುನಪ್ಪನ ಗೆಳೆಯನೊಬ್ಬ ಆ ದೇಶದಲ್ಲಿ ಮಾಸ್ತರಿಕೆಗೆ ಹೋಗಿದ್ದ. ಅಲ್ಲಿಯ ಒಂದು ಸಣ್ಣ ಊರಿನಲ್ಲಿ ಶಾಲೆಗೆ ಗಣಿತದ ಮಾಸ್ತರ, ಆಸ್ಪತ್ರೆಗೆ ನರ್ಸ್ ಇಬ್ಬರೂ ಬೇಕಾಗಿದ್ದರು. ಇದ್ದುದು ಒಂದೇ ಮನೆ. ಅದಕ್ಕಾಗಿ ಗಂಡಹೆಂಡತಿ ಕೂಡಿ ಬರುವವರನ್ನೇ ಆರಿಸುತ್ತಿದ್ದರು. ಒಬ್ಬರು ಒಲ್ಲೆನೆಂದರೆ ಜಾಗ ಬೇರೆ ಜೋಡಿಗೆ ಹೋಗುತ್ತಿತ್ತು. ಇಬ್ಬರೂ ಮುಂಬಯಿಗೆ ಹೋಗಿ ಸಂದರ್ಶನ ಕೊಟ್ಟರು. ಡಾಕ್ಟರ್ ಇಲ್ಲದಾಗ ಹೆರಿಗೆ ಕಷ್ಟವಾದರೆ ಏನು ಮಾಡುತ್ತೀ ಎಂದು ಅವಳನ್ನು ಕೇಳಿದರು. ಅವಳು ಸರಿಯಾಗಿ ಹೇಳಿದಳು. ಆಯ್ಕೆ ಆಯಿತು. ತಿಂಗಳ ಕೊನೆಯೊಳಗೆ ಬರುತ್ತೇವೆ ಎಂದೋ ಇಲ್ಲ ಎಂದೋ ತಿಳಿಸಿದರೆ ಸಾಕಾಗಿತ್ತು.

ಅರ್ಜುನಪ್ಪನ ಆಸೆಗೆ ಕಾರಣವಿತ್ತು. ಮದುವೆಯಾದ ಹೊಸತರಲ್ಲಿ ಅವನು ಧಾರವಾಡದಲ್ಲಿ ಬಾಡಿಗೆ ಮನೆ ಹುಡುಕಿ ಸೋತಿದ್ದ. ಮನೆಯವರು ಮೊದಲು ಹೆಸರು ಕೇಳುತ್ತಿದ್ದರು, ಆಮೇಲೆ ಊರು ಕೇಳುತ್ತಿದ್ದರು. ನೀರು ಕೊಟ್ಟ ಮೇಲೆ "ನಿಮ್ಮದು ಯಾವ ಪೈಕಿ ಆತ್ರಿ?" ಎಂದು ಜಾತಿ ಕೇಳುತ್ತಿದ್ದರು. ಉತ್ತರ ಕೇಳಿದೊಡನೆ ಆ ಮನೆ ಆಗಲೇ ಯಾರಿಗೋ ಮಾತಾಗಿರುತ್ತಿತ್ತು.

"ಅಲ್ಲಿ ಯಾವ ಪೈಕಿ ಅಂತ ಕೇಳಾವ್ರು ಯಾರೂ ಇಲ್ಲ, ಸಾವಂತ್ರಿ," ಎಂದು ಅವನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ.

"ಹೂಂ," ಎನ್ನುತ್ತಿದ್ದಳು ಅವಳು.

ಆ ಹೂಂ ಕೇಳಿ ಅವನು ಉಣ್ಣೆಯ ಕೋಟು ಹೊಲಿಯಲು ಹಾಕಿದ. ವಾರ್ಡಿನ ಆಯಾ ಗುಲ್ಜಾರಬಿ ಆ ಹೂಂ ನಂಬಿ ವಾರ್ಡೆಲ್ಲ ಸಾರಿಬಿಟ್ಟಳು.

"ಬಾಯಾರ, ಅದು ಹಬಶಿ ದೇಶರೀ. ನಮ್ಮ ಹಜರತ್ ಬಿಲಾಲರ ಸೀಮಿ. ಛಲೋ ಜನಾ ಇರ್ತಾರ. ಆದ್ರ ಅಲ್ಲಿ ಬಾಣಂತ್ಯಾರು ನಿಮ್ಮ ಬೈಗಳಾ ಹ್ಯಾಂಗ ತಿಳಕೊಂಡಾರು?"

"ನಾ ಯಾವಾಗ ಬೈದೇನಿ?"

"ಅದನ್ನs ಹೇಳಾಕತ್ತೇನ್ರಿ. ಮೊದಲೆಲ್ಲಾ ಬೈತಿದ್ರಿ. ಈಗ ಬೈಯೂದೂ ಬಿಟ್ಟೀರಿ."

ಆ ಭಾನುವಾರ ಹೆಬ್ಬಳ್ಳಿಯಿಂದ ಶೇವಂತೆವ್ವ ಬಂದಳು. ಬುತ್ತಿಯ ಗಂಟು ಇಳಿಸುವ ಮೊದಲೇ, "ದೇವಿ ಬಲಕ್ಕ ಕೊಟ್ಟಳೋ ಅರ್ಜುನಾ!" ಎಂದಳು.

ಹೆಬ್ಬಳ್ಳಿಯ ಅವರ ಕೇರಿಯಲ್ಲಿ ದುರಗವ್ವನ ಗುಡಿ ಇದೆ. ಮದುವೆಯಿರಲಿ, ಜಾನುವಾರು ಕೊಳ್ಳುವುದಿರಲಿ, ಅಲ್ಲಿ ಹೂವು ಕೇಳದೆ ಮುಂದುವರಿಯುವುದಿಲ್ಲ. ಪೂಜಾರಿ ಮೈಲಾರಪ್ಪ ಹೂವನ್ನು ನೀರಿನಲ್ಲಿ ಅದ್ದಿ ದೇವಿಯ ಎರಡೂ ಭುಜಕ್ಕೆ ಅಂಟಿಸಿ, ಯಾರ ಕೆಲಸವೋ ಅವರ ಹೆಸರು ಹೇಳುತ್ತಾನೆ. ಬಲಗಡೆಯ ಹೂವು ಮೊದಲು ಬಿದ್ದರೆ ದೇವಿಗೆ ಒಪ್ಪಿಗೆ. ಎಡಗಡೆಯದು ಬಿದ್ದರೆ ಬೇಡವೆಂದು ತಿಳಿಯಬೇಕು. ಒಬ್ಬರ ಹೆಸರಿನಲ್ಲಿ ಬಿದ್ದ ಹೂವು ಇನ್ನೊಬ್ಬರಿಗೆ ಸಲ್ಲುವುದಿಲ್ಲ. ಅದು ಕೇರಿಯ ಕಟ್ಟಳೆ.

"ಯವ್ವಾ, ನಾವು ಅವೆಲ್ಲಾ ಬಿಟ್ಟೇವಿ. ಎಷ್ಟು ಸಲ ಹೇಳ್ಬೇಕು ನಿನಗ?" ಎಂದು ಅರ್ಜುನಪ್ಪ ಸಿಟ್ಟು ಮಾಡಿದ. ಸ್ವಲ್ಪ ಹೊತ್ತಿಗೆ, "ಖರೇನs ಬಲಕ್ಕ ಬಿತ್ತೇನು?" ಎಂದ.

"ನೀ ಬಿಟ್ರ ಆಕಿ ನಿನ್ನ ಬಿಡ್ತಾಳೇನು? ಮೈಲಾರಪ್ಪ ಇನ್ನೂ ಕೈ ತಗದಿದ್ದಿಲ್ಲ, ಟಪ್ ಅಂತ ಬಿತ್ತು."

ಒಲೆಯ ಮುಂದೆ ಕೂತಿದ್ದ ಸಾವಂತ್ರೆವ್ವ ತಿರುಗಿ ನೋಡಿದಳು. "ಅತ್ತಿ, ನನ್ನ ಹೆಸರ್ಲೆ ಯಾವ ಕಡಿ ಬಿತ್ರಿ?"

ಶೇವಂತೆವ್ವ ಗಂಟು ಬಿಚ್ಚುವುದನ್ನು ನಿಲ್ಲಿಸಿದಳು. "ನಿನ್ನ ಹೆಸರ್ಲೆ... ಕೇಳಲಿಲ್ಲಲ್ಲವಾ. ಗಂಡ ಹ್ವಾದಲ್ಲೆ ಹೆಂಡ್ತಿ. ಅದಕ್ಕ ಬ್ಯಾರೆ ಹೂವು ಯಾಕ?"

"ಹ್ವಾದ ವರ್ಷ ಎಮ್ಮಿ ತರೂಮುಂದ ಎಮ್ಮಿಗೊಂದು ಕೇಳಿದ್ರಿ. ಕರಕ್ಕೂ ಬ್ಯಾರೆ ಕೇಳಿದ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ವಾರ್ಡಿನಲ್ಲಿ ಜ್ವರ ಎಷ್ಟಿದೆಯೆಂದು ಹೇಳುವ ದನಿ ಅದು. ಅರ್ಜುನಪ್ಪ ಜೋರಾಗಿ ನಕ್ಕ. ತನ್ನ ಜೊತೆ ಯಾರೂ ನಗುತ್ತಿಲ್ಲವೆಂದು ಕಂಡು ನಗು ನಿಲ್ಲಿಸಿದ.

"ದೇವಿ ಇರಲಿ ಬಿಡು. ನಾ ಕೇಳೀನಲ್ಲ ನಿನ್ನ?" ಎಂದ.

"ಯಾವಾಗ ಕೇಳಿದ್ರಿ?"

ಅವನು ಹೇಳಲು ಬಾಯಿ ತೆರೆದ. ಹೋಗೋಣ ಎಂದಿದ್ದ. ಥಂಡಿ ಇರುತ್ತದೆ, ಕೋಟು ಬೇಕು ಎಂದಿದ್ದ. ಕ್ವಾರ್ಟರ್ಸ್ ಬಿಟ್ಟುಕೊಡಬೇಕು ಎಂದಿದ್ದ. ಕೇಳಿದ್ದು ನೆನಪಾಗಲಿಲ್ಲ.

"ಹಂಗಾರ ಈಗ ಕೇಳ್ತೇನಿ. ಬರ್ತಿಯೋ ಇಲ್ಲೋ?"

"ಗೊತ್ತಿಲ್ರಿ," ಎಂದಳು. ಅದು ನಿಜವೇ ಆಗಿತ್ತು.

ಶೇವಂತೆವ್ವನಿಗೆ ತನ್ನ ತಪ್ಪು ಚುಚ್ಚತೊಡಗಿತು. ಸೊಸೆಯನ್ನು ಕರುವಿಗಿಂತ ಕಡೆ ಮಾಡಿದಂತಾಯಿತಲ್ಲ ಎಂದು ಅವಳು ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟಳು. "ಮಂಗಳವಾರ ಮತ್ತ ಕೇಳಿಸ್ತೇನವಾ, ನಿನ್ನ ಹೆಸರ್ಲೆ," ಎಂದಳು.

"ಬ್ಯಾಡ್ರಿ ಅತ್ತಿ. ಬಲಕ್ಕ ಬಿದ್ರೂ ಹೋಗಾಕಿ ನಾನs, ಎಡಕ್ಕ ಬಿದ್ರೂ ಇರಾಕಿ ನಾನs. ನಾನs ಹೇಳ್ತೇನಿ."

ಹೇಳುತ್ತೇನೆ ಎಂದಳೇ ಹೊರತು ಹೇಳಲು ಅವಳ ಒಳಗೆ ಏನೂ ಇರಲಿಲ್ಲ. ಡ್ಯೂಟಿಗೆ ಹೋಗಿಬರುವಾಗ ಹೋಗುತ್ತೇನೆ ಎಂದುಕೊಂಡು ನೋಡಿದಳು, ಏನೂ ಅನ್ನಿಸಲಿಲ್ಲ. ಇರುತ್ತೇನೆ ಎಂದುಕೊಂಡಳು, ಆಗಲೂ ಅಷ್ಟೇ. ಅತ್ತೆಯ ದೇವಿಯಾದರೂ ಒಂದು ಕಡೆಗೆ ಹೂವು ಬೀಳಿಸುತ್ತಿದ್ದಳು.

ಆ ವಾರ ಸುಳ್ಳ ಎಂಬ ಹಳ್ಳಿಯಿಂದ ಬಂದ ಒಬ್ಬ ಹೆಂಗಸಿಗೆ ಸತ್ತ ಕೂಸು ಹುಟ್ಟಿತು. ಅವಳು ವಾರ್ಡು ನಡುಗುವಂತೆ ಅತ್ತಳು. ಎದೆ ಬಡಿದುಕೊಂಡಳು, ದೇವರನ್ನು ಬೈದಳು, ಗುಲ್ಜಾರಬಿಯ ಕುಪ್ಪಸ ಹಿಡಿದು ಜಗ್ಗಿದಳು. ಅವಳ ತಾಯಿ ಜೊತೆಗೆ ಅತ್ತಳು. ಪಕ್ಕದ ಮಂಚದ ಬಾಣಂತಿಯರೂ ಸೆರಗು ಬಾಯಿಗೆ ಒತ್ತಿಕೊಂಡರು. ಸಾವಂತ್ರೆವ್ವ ಇಂಜೆಕ್ಷನ್ ಕೊಟ್ಟು, ಟ್ರೇ ಹಿಡಿದು ಅಲ್ಲೇ ನಿಂತಳು. ಆ ಹೆಂಗಸನ್ನು ನೋಡುತ್ತ ಅವಳಿಗೆ ಏನೋ ಅನ್ನಿಸಿತು. ಅದು ಕನಿಕರವಲ್ಲ. ಅದೇನೆಂದು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅದು ಹೊಟ್ಟೆಕಿಚ್ಚಾಗಿತ್ತು.

ಸಂಜೆ ಅರ್ಜುನಪ್ಪ ಬಸ್ಸಿಳಿದು ಬಂದು ಕೈಕಾಲು ತೊಳೆಯುತ್ತಿದ್ದಾಗ ಅವಳು ಟವೆಲ್ ಹಿಡಿದು ನಿಂತು, "ನಾ ಬರೂದಿಲ್ರಿ," ಎಂದಳು.

ಅವನು ಚೊಂಬು ಕೆಳಗಿಟ್ಟ. "ಯಾಕ?"

"ಸುಜಾತಾ ಹ್ವಾದ ಮ್ಯಾಲ ನಾ ಅತ್ತಿಲ್ಲ."

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಎಂದಾರ ಒಂದಿನಾ ಅಳು ಬರಬೇಕಲ್ರಿ. ಅಲ್ಲಿ ಹ್ವಾದ ಮ್ಯಾಲ ಬಂದ್ರ ಯಾರ ಮುಂದ ಅಳ್ಲಿ? ಕೂಸಿನ್ನ ನೋಡಿದವರು ಅಲ್ಲಿ ಯಾರೂ ಇಲ್ಲ."

"ನಾ ಇಲ್ಲೇನು?"

"ನೀವು ಕೂಸಿನ ಹೆಸರು ತಗೊಂಡು ಎಷ್ಟು ದಿನಾ ಆತ್ರಿ?"

ಅವನು ಟವೆಲ್ ತೆಗೆದುಕೊಂಡ. ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ಆಮೇಲೆ ಸಿಟ್ಟು ಬಂತು. "ಮತ್ತ ಇಲ್ಲೇ ಇದ್ದು ಯಾವ ಪೈಕಿ ಅಂತ ಕೇಳಿಸ್ಕೊಳ್ಳೂನು, ಅಲ್ಲಾ?" ಎಂದ.

"ನಿಮ್ಮ ಮಾತು ಸುಳ್ಳಲ್ರಿ. ನೀವು ಹೇಳಿದ್ದೆಲ್ಲಾ ಖರೇ ಐತಿ. ಆದ್ರೂ ನಾ ಬರೂದಿಲ್ಲ."

ಅವನು ಆ ರಾತ್ರಿ ಉಣ್ಣಲಿಲ್ಲ. ಬೆಳಿಗ್ಗೆ ಧಾರವಾಡದ ಪೋಸ್ಟಾಫೀಸಿಗೆ ಹೋಗಿ, ಬರಲಾಗುವುದಿಲ್ಲವೆಂದು ತಂತಿ ಕೊಟ್ಟ. ಅವರ ಜಾಗಕ್ಕೆ ಬೇರೆ ಯಾರೋ ಜೋಡಿ ಹೋಯಿತೆಂದು ಆಮೇಲೆ ತಿಳಿಯಿತು. ಶಾಲೆಯಲ್ಲಿ ಜೊತೆಯ ಮಾಸ್ತರರು, "ಏನ್ರಿ ಇಥಿಯೋಪಿಯಾ ಮಾಸ್ತರ, ವಿಮಾನ ಕೆಟ್ಟೈತೇನ್ರಿ?" ಎಂದು ಚೇಷ್ಟೆ ಮಾಡಿದರು. ಅವನು ಕ್ಲಾಸಿಗೆ ಹೋಗಿ ಕರಿಹಲಗೆಯ ಕಡೆಗೆ ತಿರುಗಿ ಲೆಕ್ಕ ಬರೆದ. ಮನೆಯಲ್ಲಿ ಬಹಳ ದಿನ ಬೇಕಾದಷ್ಟೇ ಮಾತಾಡಿದ. ಅವಳು ಅವನಿಗೆ ಸಮಾಧಾನ ಹೇಳಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಅವಳು ಅಕ್ಕಿ ಆರಿಸುತ್ತಿದ್ದಳು. ಅರ್ಜುನಪ್ಪ ಬಂದು ಅವಳ ಎದುರಿಗೆ ನೆಲದ ಮೇಲೆ ಕೂತು, ಮೊರದಿಂದ ತಾನೂ ಒಂದು ಕಲ್ಲು ಹೆಕ್ಕಿ ಆಚೆ ಹಾಕಿದ.

"ಸುಜಾತಾ ಹಿಂಗs ಮೊರಕ್ಕ ಕೈ ಹಾಕಿ ಎಲ್ಲಾ ಚೆಲ್ಲತಿದ್ದಳು," ಎಂದ. ಇನ್ನೊಂದು ಕಲ್ಲು ಹೆಕ್ಕುತ್ತ ಕೇಳಿದ, "ಅಳು ಬಂತೇನು?"

ಸಾವಂತ್ರೆವ್ವ ತನ್ನೊಳಗೆ ಹುಡುಕಿ ನೋಡಿದಳು.

"ಇನ್ನೂ ಇಲ್ರಿ," ಎಂದಳು.

"ಬರಲಿ. ಏನ್ ಅವಸರಿಲ್ಲ."

ಅವಳು ಮೊರವನ್ನು ಅವನ ಕಡೆಗೆ ಸ್ವಲ್ಪ ಸರಿಸಿದಳು.