ಕರಿಬೇವಿನ ಗಿಡದ ಬುಡದಲ್ಲಿ ಮೋತಿ

ಗೆಳತಿಯರೇ, ನಮ್ಮ ನಾಯಿ ಮೋತಿ ಇಂದು ಬೆಳಿಗ್ಗೆ ತೊಟ್ಟಿಲ ಕೆಳಗೆ ಮಲಗಿದ್ದ ಹಾಗೆಯೇ ಹೋಗಿಬಿಟ್ಟ. ಮಗು ಹುಟ್ಟಿದಂದಿನಿಂದ ಅವನ ಜಾಗ ಅದೇ. ಮಗು ಮಿಸುಕಿದರೆ ಎದ್ದು ಬಂದು ನನ್ನ ಕೈಗೆ ಮೂತಿ ತಾಗಿಸುತ್ತಿದ್ದ. ಅವನಿದ್ದಾನೆ ಎಂಬ ಧೈರ್ಯದಲ್ಲೇ ನಾನು ಒಂದಿಷ್ಟು ಕಣ್ಣು ಮುಚ್ಚುತ್ತಿದ್ದೆ.

ವಿಜಯನಗರದ ನಮ್ಮ ಬೀದಿಯಲ್ಲಿ ಇನ್ನೂ ಖಾಲಿ ಸೈಟುಗಳಿವೆ. ನಮ್ಮವರು ಪಕ್ಕದ ಸೈಟಿನಲ್ಲಿ ಗುಂಡಿ ತೋಡತೊಡಗಿದರು. ಅಷ್ಟರಲ್ಲಿ ಅದರ ಯಜಮಾನರು ಬಂದರು.

“ಏನ್ ಸಾರ್ ಇದು? ಬರೋ ತಿಂಗಳು ಇಲ್ಲಿ ಗುದ್ದಲಿ ಪೂಜೆ ಇಟ್ಕೊಂಡಿದೀವಿ. ಪಾಯ ತೋಡುವಾಗ ಮೂಳೆ ಸಿಕ್ಕಿದ್ರೆ ಚೆನ್ನಾಗಿರುತ್ತಾ? ಕಸದ ಗಾಡಿ ಬರುತ್ತಲ್ಲ, ಹಾಕಿ ಕಳಿಸಿ.”

ಮನೆ ಕಟ್ಟುವವರ ಭಯ ಅವರದು. ನಮ್ಮವರು ಗುದ್ದಲಿ ಹಿಡಿದು ನನ್ನ ಮುಖ ನೋಡಿದರು. ನಾನು ಮಗುವನ್ನು ಎತ್ತಿಕೊಂಡು ನಿಂತಿದ್ದೆ. ಕಾಂಪೌಂಡಿನ ಒಳಗಿನಿಂದ ಅತ್ತೆ ಮಾತಾಡಿದರು.

“ಗಾಡಿಗೆ ಹಾಕೋಕೆ ಅವನೇನು ಕಸಾನಾ? ಎತ್ಕೊಂಡ್ ಬಾರೋ ಒಳಗೆ. ನನ್ನ ಕರಿಬೇವಿನ ಗಿಡದ ಬುಡದಲ್ಲಿ ಅಗಿ.”

ಮೋತಿ ಆ ಗಿಡದ ಹತ್ತಿರ ಸುಳಿದರೆ ಪೊರಕೆ ಎತ್ತುತ್ತಿದ್ದವರು ಅವರೇ. ಇಂದು ಅವನ ಹಣೆಗೆ ವಿಭೂತಿ ಹಚ್ಚಿ, ತೊಟ್ಟಿಲಿನ ಹಳೆಯ ಬಟ್ಟೆ ಹೊದಿಸಿದರು. ಮಣ್ಣು ಮುಚ್ಚಿದ ಮೇಲೆ, “ಒಗ್ಗರಣೆಗೆ ಇನ್ಮೇಲೆ ಅಂಗಡಿಯಿಂದ ತರಿಸ್ಕೋ ಕಣಮ್ಮ” ಎಂದಷ್ಟೇ ಹೇಳಿ ಕೈ ತೊಳೆಯಲು ಹೋದರು.

ಮಧ್ಯಾಹ್ನ ಅತ್ತೆ ತಮ್ಮ ಚಾಪೆಯನ್ನು ತಂದು ತೊಟ್ಟಿಲ ಪಕ್ಕದಲ್ಲೇ ಹಾಸಿಕೊಂಡಿದ್ದಾರೆ. “ನೀನು ಮಲ್ಕೋ, ಮಗು ಮಿಸುಕಿದ್ರೆ ನಾನು ಎಬ್ಬಿಸ್ತೀನಿ” ಎಂದರು. ಮಗು ಮಿಸುಕುತ್ತಿದೆ. ಅತ್ತೆಯ ಗೊರಕೆ ಆಗಲೇ ಶುರುವಾಗಿದೆ.