ಒಂದೇ ಎಣ್ಣೆ, ಎರಡು ವಾಸನೆ

ಟೂತ್‌ಪೇಸ್ಟ್ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಮೂಗಕ್ಕ ಎನ್ನುತ್ತಿದ್ದರು. ಮಾತಿಗೇನೂ ಬರವಿರಲಿಲ್ಲ, ಹೆಸರು ಬಂದದ್ದು ಮೂಗಿನಿಂದ. ಬಂದ ಪ್ರತಿ ಡಬ್ಬದ ಎಣ್ಣೆಯಲ್ಲಿ ಕಾಗದದ ಪಟ್ಟಿ ಅದ್ದಿ ಅವಳು ಮೂಸಬೇಕು. ಅವಳು ಹೂಂ ಎಂದರಷ್ಟೇ ಡಬ್ಬ ಒಳಗೆ.

ಒಂದು ದಿನ ಪುದೀನ ಪರಿಮಳಕ್ಕೆಂದು ತರಿಸಿದ ಹೊಸ ಡಬ್ಬ ತೆರೆದರೆ ಸಬ್ಬಸಿಗೆ ಬೀಜದ ಘಾಟು! ಅವಳು ಸೀದಾ ಪ್ರಯೋಗಾಲಯಕ್ಕೆ ನಡೆದಳು.

"ಯಾರೋ ನಮಗೆ ಟೋಪಿ ಹಾಕಿದಾರೆ."

ಅಲ್ಲಿನ ಕೆಮಿಸ್ಟ್, ಅವಳ ಮಗಳ ವಯಸ್ಸಿನವಳು, ಹಳೆಯ ಎಣ್ಣೆಯನ್ನೂ ಹೊಸದನ್ನೂ ಯಂತ್ರಕ್ಕೆ ಕೊಟ್ಟು ನೋಡಿದಳು.

"ಅಕ್ಕಾ, ಎರಡೂ ಒಂದೇ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ."

"ಹಾಗಾದ್ರೆ ನನ್ನ ಮೂಗು ಸುಳ್ಳು ಹೇಳುತ್ತಾ?"

ಕೆಮಿಸ್ಟ್ ತಾನೂ ಮೂಸಿದಳು. ಹುಬ್ಬೇರಿತು. ಸ್ವಲ್ಪ ಯೋಚಿಸಿ, ಕಂಪ್ಯೂಟರಿನಲ್ಲಿ ಅಣುಗಳ ಆಕಾರ ತೋರಿಸುವ ತಂತ್ರಾಂಶ ತೆರೆದಳು. ಪರದೆಯ ಮೇಲೆ ಅಕ್ಕಪಕ್ಕ ಎರಡು ಅಣು, ಹಳೆಯ ಎಣ್ಣೆಯದೊಂದು, ಹೊಸದರದೊಂದು: ಬೂದು ಗುಂಡುಗಳ ಉಂಗುರ, ಅದಕ್ಕೊಂದು ಬಾಲ, ಬದಿಯಲ್ಲೊಂದು ಕೆಂಪು ಗುಂಡು.

"ಇದನ್ನ ತಿರುಗಿಸಿ ಅದರ ಮೇಲೆ ಸರಿಯಾಗಿ ಕೂರಿಸಿ ನೋಡೋಣ" ಎಂದು ಮೌಸ್ ಕೈಗಿತ್ತಳು.

ಮೂಗಕ್ಕ ತಿರುಗಿಸಿದಳು, ಮಗುಚಿದಳು, ತಲೆಕೆಳಗೆ ಮಾಡಿದಳು. ಕೆಂಪು ಗುಂಡು ಕೂತರೆ ಬಾಲ ಹಿಂದಕ್ಕೆ ಚಾಚುತ್ತಿತ್ತು. ಬಾಲ ಕೂತರೆ ಗುಂಡು ಆಚೆ ಕಡೆ. ಊಟದ ಗಂಟೆ ಹೊಡೆದರೂ ಏಳಲಿಲ್ಲ.

"ಏನಿದರ ಹಟ! ಕೂರೋದೇ ಇಲ್ಲ ಅನ್ನುತ್ತಲ್ಲ!"

"ಕೂರೋದೇ ಇಲ್ಲಕ್ಕಾ. ಒಂದು ಇನ್ನೊಂದರ ಕನ್ನಡಿ ಬಿಂಬ. ನಮ್ಮ ಈ ಯಂತ್ರಕ್ಕೆ ತಿಳಿಯಲ್ಲ, ಮೂಗಿಗೆ ತಿಳಿಯುತ್ತೆ. ಯಾರೂ ಮೋಸ ಮಾಡಿಲ್ಲ. ಎರಡಕ್ಕೂ ಹೆಸರು ಒಂದೇ, ಯಾವುದು ಬೇಕು ಅಂತ ನಾವೇ ಬಿಡಿಸಿ ಹೇಳಿರಲಿಲ್ಲ."

ಸಂಜೆ ಮನೆಯಲ್ಲಿ ಗಂಡ ಹೊಲಿಗೆ ಯಂತ್ರದ ಮುಂದೆ ಕೂತಿದ್ದ.

"ಎಡ ತೋಳನ್ನ ಬಲಕ್ಕೆ ಹೊಲಿದ್ರೆ ಏನಾಗುತ್ತೆ?" ಎಂದಳು.

"ಗಿರಾಕಿ ಬೈತಾನೆ."

"ಬಟ್ಟೆ ಒಂದೇ ಅಲ್ವಾ? ಅಳತೆನೂ ಒಂದೇ."

"ಅದು ಹಾಕ್ಕೊಳ್ಳೋ ಕೈಗೆ ಗೊತ್ತಾಗಲ್ವೇನೇ?"

ಮೂಗಕ್ಕ ಚಪ್ಪಾಳೆ ತಟ್ಟಿ ನಕ್ಕಳು. ಗಂಡನಿಗೆ ತಲೆಬುಡ ತಿಳಿಯಲಿಲ್ಲ.

ಡಬ್ಬ ವಾಪಸ್ಸು ಹೋಯಿತು. ಅವಳ ತಲೆಗೆ ಹೊಕ್ಕ ಹುಳ ಮಾತ್ರ ಹೋಗಲಿಲ್ಲ. ಬಿಡುವಾದಾಗಲೆಲ್ಲ ಪ್ರಯೋಗಾಲಯಕ್ಕೆ ಬಂದು ಒಂದಲ್ಲ ಒಂದು ಜೋಡಿಯನ್ನು ತಿರುಗಿಸುತ್ತ ಕೂರುವಳು. ಅವುಗಳ ಎಣ್ಣೆ ಸಿಕ್ಕಿದರೆ ಎರಡನ್ನೂ ಮೂಸುವಳು. ಹೀಗಿರುವಾಗ ಒಂದು ಜೋಡಿ ಅವಳನ್ನು ಪೇಚಿಗೆ ಸಿಕ್ಕಿಸಿತು. ಪರದೆಯ ಮೇಲೆ ಕನ್ನಡಿ ಬಿಂಬಗಳೇ, ಆದರೆ ವಾಸನೆ ಒಂದೇ.

"ಇದ್ಯಾಕೆ ಹೀಗೆ?"

"ನನಗೂ ಗೊತ್ತಿಲ್ಲಕ್ಕಾ" ಎಂದಳು ಕೆಮಿಸ್ಟ್.

ಮೂಗಕ್ಕನ ಮುಖ ಅರಳಿತು. ಇನ್ನೊಂದು ಕುರ್ಚಿ ಎಳೆದು, "ಬಾ, ಕೂತ್ಕೋ. ಇಬ್ರೂ ನೋಡೋಣ" ಎಂದಳು.