ಗೋಲ್ಡ್ ಮೆಂಬರಿಗೆ ಬೆಲ್ಲ-ನೀರು

ದೇವದುರ್ಗದ ಬಸ್ ನಿಲ್ದಾಣದಲ್ಲಿ ರಾಯಚೂರಿನ ಬಸ್ಸಿಗೆ ಕಾಯುತ್ತ ಕೂತಿದ್ದೆ. ಚಿಲ್ಲರೆಗೆಂದು ಬ್ಯಾಗಿನ ಪಕ್ಕದ ಜೇಬಿಗೆ ಕೈ ಹಾಕಿದರೆ ಸಿಕ್ಕಿದ್ದು ಒಂದು ಪುಟ್ಟ ಸೋಪು. ಹೋಟೆಲಿನ ಬಚ್ಚಲಲ್ಲಿ ಇಟ್ಟಿರುತ್ತಾರಲ್ಲ, ಬಿಳಿ ಕಾಗದ ಸುತ್ತಿದ ದುಂಡನೆಯ ಸೋಪು, ಅದೇ. ಕಾಗದ ಹರಿದಿತ್ತು. ಅದರ ನಿಂಬೆಹುಲ್ಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಅದನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ. ನಿಮಗಾದರೆ ಅದು ಪರಿಮಳ ಅನ್ನಿಸೀತು. ನನಗೆ ಅದು ಸಿಕ್ಕಿಬಿದ್ದವನ ವಾಸನೆ. ಅದೇ ಹೊತ್ತಿಗೆ ಫೋನು ಗುಂಯ್‌ಗುಟ್ಟಿತು. ಪ್ರಿಯ ಗೋಲ್ಡ್ ಸದಸ್ಯರೇ, ಈ ತಿಂಗಳ ಕೊನೆಯೊಳಗೆ ನೀವು ನಮ್ಮಲ್ಲಿ ಒಂದು ರಾತ್ರಿಯಾದರೂ ತಂಗದಿದ್ದರೆ, ಇಲ್ಲವೇ ಪಾಯಿಂಟುಗಳನ್ನು ಬಳಸದಿದ್ದರೆ, ಅವೆಲ್ಲ ರದ್ದಾಗುತ್ತವೆ. ಬೆಳಗಿನಿಂದ ಇದು ಮೂರನೆಯ ಸಲ. ನನ್ನನ್ನು ಇಷ್ಟು ನೆನೆಸುವವರು ಸದ್ಯಕ್ಕೆ ಅವರೊಬ್ಬರೇ.

ನನ್ನ ಕೆಲಸ ತೂಕದ್ದು. ಲಾರಿಗಳನ್ನು ತೂಗುವ ದೊಡ್ಡ ಕಾಟಾ ನೋಡಿರುತ್ತೀರಿ. ಅಕ್ಕಿ ಮಿಲ್ಲು, ಹತ್ತಿ ಮಿಲ್ಲುಗಳ ಬಾಗಿಲಲ್ಲೇ ಇರುತ್ತದೆ. ಅದು ಸರಿಯಾಗಿ ತೂಗುತ್ತದೋ ಇಲ್ಲವೋ ಎಂದು ಕಬ್ಬಿಣದ ತೂಕದ ಕಲ್ಲುಗಳನ್ನಿಟ್ಟು ಪರೀಕ್ಷೆ ಮಾಡಿ, ತಪ್ಪಿದ್ದರೆ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ನಾನು ಮೇಸ್ತ್ರಿ. ಮನೆ ಮಾನ್ವಿಯಲ್ಲಿ. ವಾರಕ್ಕೊಮ್ಮೆ ದೇವದುರ್ಗ, ಹದಿನೈದು ದಿನಕ್ಕೊಮ್ಮೆ ರಾಯಚೂರು. ರಾಯಚೂರಿನ ಮಿಲ್ಲುಗಳಲ್ಲಿ ಬೆಳಗಿನ ಲಾರಿಗಳು ಸಾಲುಗಟ್ಟುವುದರೊಳಗೆ ಪರೀಕ್ಷೆ ಮುಗಿಯಬೇಕು. ಹಾಗಾಗಿ ಹಿಂದಿನ ಸಂಜೆಯೇ ಹೋಗಿ ಇರಬೇಕಾಗುತ್ತದೆ. ಹೀಗೆ ದಿನವಿಡೀ ಬೇರೆಯವರ ಕಾಟಾ ಖರೇ ಹೇಳುತ್ತದೋ ಸುಳ್ಳು ಹೇಳುತ್ತದೋ ಎಂದು ನೋಡುವವನು ಮೂರು ವರ್ಷ ಮಾಡಿದ್ದೇನು ಎಂಬುದನ್ನೇ ನಿಮಗೆ ಈಗ ಹೇಳಲಿರುವುದು.

ಮೊದಲೆಲ್ಲ ರಾಯಚೂರೆಂದರೆ ಚಿಗವ್ವನ ಮನೆ. ನನ್ನ ತಾಯಿಯ ತಂಗಿ ಅವಳು. ಕೋಟೆಯ ಹಿಂದಿನ ಓಣಿಯಲ್ಲಿ ಮನೆ. ಇಬ್ಬರು ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಯಾವಾಗಲೂ ಸಂತೆ ಕೂಡಿದಂತೆ ಗದ್ದಲ. ಓದುವ ಕಾಲಕ್ಕೆ ಎರಡು ವರ್ಷ ನಾನು ಅಲ್ಲೇ ಇದ್ದೆ. ಓದಿದ್ದು ಎಷ್ಟೋ ನೆನಪಿಲ್ಲ, ನೀರು ತುಂಬಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಆ ಓಣಿಗೆ ನಳದ ನೀರು ಬರುತ್ತಿದ್ದುದು ಎರಡು ದಿನಕ್ಕೊಮ್ಮೆ, ಅದೂ ಮನಸ್ಸಿಗೆ ಬಂದ ಹೊತ್ತಿಗೆ. ನಾನು ಕಾಲೇಜಿನಿಂದ ಬಂದು ಹೊಸ್ತಿಲು ದಾಟುವ ಮೊದಲೇ ಒಳಗಿಂದ ಚಿಗವ್ವನ ದನಿ ಬರುತ್ತಿತ್ತು. "ನಳ ಬಂದಾವ, ಪುಸ್ತಕ ಅಲ್ಲೇ ಒಗದು ಬಾ, ಕೊಡ ಹಿಡಿ." ನೀರಡಿಕೆಯಾಗಿದೆ ಎಂದರೆ, "ನಿನ್ನ ಕೈಯಾಗೇ ನೀರವ, ಕುಡಿ" ಎನ್ನುತ್ತಿದ್ದಳು. ನನ್ನನ್ನು ಬಾ ಎಂದು ಕರೆದವರಿಲ್ಲ, ಕೂಡು ಎಂದವರಿಲ್ಲ. ಆಗ ಅದು ನನಗೆ ಕೆಲವೊಮ್ಮೆ ಕಸಿವಿಸಿ ಅನ್ನಿಸುತ್ತಿತ್ತು ಎಂಬುದನ್ನು ನೆನೆಸಿದರೆ ಈಗ ನಗು ಬರುತ್ತದೆ.

ಮೂರೂವರೆ ವರ್ಷದ ಹಿಂದೆ ರಾಯಚೂರಿನಲ್ಲಿ ಒಂದು ಹೊಸ ಹೋಟೆಲಾಯಿತು. ದೇಶದ ತುಂಬ ಒಂದೇ ಹೆಸರಿನಲ್ಲಿರುವ ಹೋಟೆಲುಗಳ ಸಾಲಿನದು. ಲಿಫ್ಟು ಇತ್ತು, ಬಾಗಿಲಿಗೆ ಕೀಲಿಯ ಬದಲು ಕಾರ್ಡು ಇತ್ತು. ಬಿಲ್ಲು ಕೊಟ್ಟರೆ ಮಾತ್ರ ವಸತಿ ಖರ್ಚು ಕೊಡುತ್ತೇವೆಂದು ನಮ್ಮ ಕಂಪನಿಯವರು ಅದೇ ಸುಮಾರಿಗೆ ಹೇಳಿದ್ದರು. ಚಿಗವ್ವನ ಹತ್ತಿರ ಬಿಲ್ಲು ಕೇಳುವ ಧೈರ್ಯ ಯಾರಿಗಿದೆ. ಒಂದು ಸಲ ನೋಡೋಣ ಎಂದು ಹೋದೆ. ಕೌಂಟರಿನ ಹುಡುಗಿ, "ಸರ್, ಮೆಂಬರ್ ಆಗಿಬಿಡ್ರಿ, ಪುಕ್ಕಟೆ ಅದ. ಇಳಿದಷ್ಟೂ ಪಾಯಿಂಟ್ ಬರ್ತಾವ. ಬಿಲ್ ಕಂಪನೀದು, ಪಾಯಿಂಟ್ ನಿಮ್ದು" ಎಂದಳು. ಈ ಕೊನೆಯ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಆಮೇಲೆ ನಾನು ಆ ವಿದ್ಯೆಯಲ್ಲಿ ಎಷ್ಟು ಪಳಗಿದೆ ಎಂದರೆ, ಕಾಟಾದ ಬಗ್ಗೆಯೂ ಅಷ್ಟು ಓದಿರಲಿಲ್ಲ. ಬೇರೆಯವರ ಜಾಲತಾಣದಲ್ಲಿ ರೂಮು ಹಿಡಿದರೆ ಪಾಯಿಂಟು ಬರುವುದಿಲ್ಲ, ಹೋಟೆಲಿನವರ ಆ್ಯಪಿನಲ್ಲೇ ಹಿಡಿಯಬೇಕು. ಎರಡು ರಾತ್ರಿ ಒಟ್ಟಿಗೆ ಹಿಡಿದರೆ ಅದು ಒಂದೇ ತಂಗುವಿಕೆ, ಬಿಡಿಬಿಡಿಯಾಗಿ ಹಿಡಿದರೆ ಎರಡು, ತಂಗುವಿಕೆ ಹೆಚ್ಚಾದಷ್ಟೂ ಸದಸ್ಯನ ದರ್ಜೆ ಮೇಲೇರುತ್ತದೆ. ಹಾಗಾಗಿ ಬೆಳಿಗ್ಗೆ ರೂಮು ಬಿಟ್ಟು, ಬ್ಯಾಗು ಕೌಂಟರಿನಲ್ಲೇ ಇಟ್ಟು, ಮಧ್ಯಾಹ್ನ ಮತ್ತೆ ಹೊಸಬನಂತೆ ಬಂದು ಸಹಿ ಮಾಡುತ್ತಿದ್ದೆ. ಹುಡುಗಿ ನಗು ತಡೆದುಕೊಂಡು "ವೆಲ್ಕಮ್ ಬ್ಯಾಕ್ ಸರ್" ಎನ್ನುತ್ತಿದ್ದಳು. ವರ್ಷ ತುಂಬುವುದರೊಳಗೆ ಸಿಲ್ವರ್ ಆದೆ, ಮರುವರ್ಷ ಗೋಲ್ಡ್. ಗೋಲ್ಡ್ ಆದವನಿಗೆ ಬೆಳಗಿನ ನಾಷ್ಟಾ ಪುಕ್ಕಟೆ, ಮೇಲಿನ ಮಹಡಿಯ ರೂಮು, ಕಾಲಿಟ್ಟ ಕೂಡಲೇ ತಟ್ಟೆಯ ಮೇಲೆ ಒಂದು ಗ್ಲಾಸು ಕೆಂಪು ಶರಬತ್ತು. ವೆಲ್ಕಮ್ ಡ್ರಿಂಕ್ ಎನ್ನುತ್ತಾರೆ. ಅದು ಬಾಯಿಗೆ ಔಷಧದಂತಿದ್ದರೂ ಒಂದು ಹನಿ ಬಿಡದೆ ಕುಡಿಯುತ್ತಿದ್ದೆ. ಪಾಯಿಂಟುಗಳೆಲ್ಲ ಸೇರಿದರೆ ಸಮುದ್ರದ ದಂಡೆಯ ಅವರದೇ ಹೋಟೆಲಿನಲ್ಲಿ ಎರಡು ರಾತ್ರಿ ಪುಕ್ಕಟೆ ಎಂದಿತ್ತು. ನನ್ನ ಹೆಂಡತಿ ಸಮುದ್ರ ನೋಡಿದವಳಲ್ಲ. ಅವಳಿಗೆ ಮಾತು ಕೊಟ್ಟುಬಿಟ್ಟಿದ್ದೆ.

ತೊಂದರೆ ಇದ್ದದ್ದು ಒಂದೇ. ನಮ್ಮ ಕಡೆ, ಹತ್ತಿರದ ಸಂಬಂಧಿಕರಿರುವ ಊರಿನಲ್ಲಿ ಹೋಟೆಲಿನಲ್ಲಿ ಇಳಿದುಕೊಂಡರೆ ಆ ಮನೆಯವರೊಂದಿಗೆ ಮಾತು ಬಿಟ್ಟಂತೆಯೇ ಲೆಕ್ಕ. ಚಿಗವ್ವನಿಗೆ ಹೇಳುವುದು ಹೇಗೆ. ಬಿಲ್ಲಿನ ಕಥೆ ಹೇಳಿದ್ದರೆ ಆಗುತ್ತಿತ್ತೇನೋ. ನಾನು ಹೇಳಲಿಲ್ಲ. ಅದರ ಬದಲು ಸಂಜೆ ಅವಳಿಗೆ ಫೋನು ಮಾಡಿ, ಮಾನ್ವಿಯಲ್ಲಿದ್ದೇನೆ, ನಾಳೆ ಮೊದಲನೇ ಬಸ್ಸಿಗೆ ಬರುತ್ತೇನೆ ಎನ್ನುತ್ತಿದ್ದೆ. ಹೋಟೆಲಿನ ಪುಕ್ಕಟೆ ಇಡ್ಲಿ ತಿಂದು, ಮಿಲ್ಲಿನ ಕೆಲಸ ಮುಗಿಸಿ ಅವಳ ಮನೆಗೆ ಹೋದರೆ, "ನಸುಕಿನ್ಯಾಗ ಎದ್ದು ಬಂದೀ, ಹಸದಿರ್ತಿ" ಎಂದು ನಾಲ್ಕು ರೊಟ್ಟಿ ಹಾಕುತ್ತಿದ್ದಳು. ಬೇಡ ಎಂದರೆ ಗುಟ್ಟು ಬಯಲಾದೀತೆಂದು ನಾಲ್ಕನ್ನೂ ತಿನ್ನುತ್ತಿದ್ದೆ. ಆ ಮೂರು ವರ್ಷದಲ್ಲಿ ನನ್ನ ಹೊಟ್ಟೆಯ ಸುತ್ತಳತೆ ಹೆಚ್ಚಾದದ್ದಕ್ಕೆ ಕಾರಣ ಈ ಸುಳ್ಳು.

ಹೆದರಿಕೆಯಂತೂ ಕ್ಷಣಕ್ಷಣಕ್ಕೂ ಇತ್ತು. ಹೋಟೆಲಿಗೆ ನೇರ ದಾರಿಯಲ್ಲಿ ಹೋದವನೇ ಅಲ್ಲ. ಒಮ್ಮೆ ಅಲ್ಲಿಯ ಸಭಾಂಗಣದಲ್ಲಿ ಯಾರದೋ ನಿಶ್ಚಯ ಕಾರ್ಯ. ಲಿಫ್ಟಿನ ಬಾಗಿಲು ತೆರೆದರೆ ಎದುರಿಗೆ ಹಿರೇಕೊಟ್ನೆಕಲ್ಲಿನ ನಮ್ಮ ಬೀಗರು ಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದಾರೆ. ನಾನು ಬೆನ್ನು ತಿರುಗಿಸಿ ಲಿಫ್ಟಿನ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳತೊಡಗಿದೆ. ಅವರು ಹತ್ತಿ, ಇಳಿದು ಹೋಗುವವರೆಗೂ ಬಾಚುತ್ತಲೇ ಇದ್ದೆ. ನನ್ನ ತಲೆಯಲ್ಲಿ ಬಾಚುವಷ್ಟು ಕೂದಲಿಲ್ಲ ಎಂಬುದು ಆಮೇಲೆ ಹೊಳೆಯಿತು. ಅಂಥ ಮೆತ್ತನೆಯ ಹಾಸಿಗೆಯ ಮೇಲೆ ನಾನು ಒಂದು ದಿನವಾದರೂ ನಿಶ್ಚಿಂತೆಯಿಂದ ಮಲಗಿದ್ದು ನೆನಪಿಲ್ಲ.

ಆರು ತಿಂಗಳ ಹಿಂದಿನ ಒಂದು ಹುಣ್ಣಿಮೆ. ಸಂಜೆ ಏಳರ ಹೊತ್ತು, ಹೋಟೆಲಿನ ರೂಮಿನಲ್ಲಿ ಕಾಲು ಚಾಚಿ ಕೂತಿದ್ದೆ. ಚಿಗವ್ವನ ಫೋನು ಬಂತು.

"ಎಲ್ಲಿ ಅದಿಯಪಾ?"

"ಮಾನ್ವ್ಯಾಗ ಚಿಗವ್ವ. ಈಗ ಮನಿಗೆ ಬಂದೆ. ಕಾಲ್ ತೊಳಕೊಂಡು ಕುಂತೀನಿ."

"ಹೌದೇನು. ಊಟ ಆತೇನು?"

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಸುಳ್ಳಿಗೆ ಒಗ್ಗರಣೆ ಹಾಕುವ ಚಟ ಅಷ್ಟರಲ್ಲಿ ಹತ್ತಿತ್ತು. "ಇನ್ನಾ ಇಲ್ಲ, ಅಕಿ ಒಳಗ ರೊಟ್ಟಿ ಬಡ್ಯಾಕತ್ತಾಳ. ಸಪ್ಪಳ ಕೇಳ್ಸಾಕತ್ತೈತಿಲ್ಲೋ?" ಎಂದೆ.

ಆಗ ಫೋನಿನಲ್ಲಿ ನಿಜಕ್ಕೂ ಒಂದು ಸಪ್ಪಳ ಕೇಳಿಸಿತು. ಕಿರ್ರ್, ಕಿರ್ರ್. ನಮ್ಮ ಮನೆಯ ಪಡಸಾಲೆಯ ಜೋಕಾಲಿ. ಅದರ ಸರಪಳಿಗೆ ಎಣ್ಣೆ ಬಿಡುತ್ತೇನೆಂದು ನಾನು ಎರಡು ವರ್ಷದಿಂದ ಹೇಳುತ್ತಲೇ ಬಂದಿದ್ದೆ. ಚಿಗವ್ವ ಕೂತದ್ದು ನನ್ನ ಮನೆಯಲ್ಲಿ, ನನ್ನ ಜೋಕಾಲಿಯ ಮೇಲೆ.

"ಆತು. ಬಿಸೇದು ಉಣ್ಣು" ಎಂದು ಅವಳು ಫೋನಿಟ್ಟಳು.

ನಮ್ಮೂರ ಹತ್ತಿರದ ನೀರಮಾನ್ವಿಯ ಎಲ್ಲಮ್ಮ ದೇವಿಗೆ ಉಡಿ ತುಂಬಲು ಬಂದವಳು ಹೊತ್ತಾಯಿತೆಂದು ನಮ್ಮ ಮನೆಗೆ ಬಂದಿದ್ದಳಂತೆ. ಅವನೆಲ್ಲಿ ಎಂದು ಕೇಳಿದರೆ ನನ್ನ ಹೆಂಡತಿ ಇದ್ದದ್ದನ್ನೇ ಹೇಳಿದ್ದಳು, ರಾಯಚೂರಿನ ಹೋಟೆಲಿನಲ್ಲಿದ್ದಾರೆ ಎಂದು. ಚಿಗವ್ವನಿಂದ ನಾನು ಅದನ್ನು ಮುಚ್ಚಿಟ್ಟದ್ದು ಅವಳಿಗೆ ಗೊತ್ತಿರಲಿಲ್ಲ. ಮರುದಿನ ಕೆಲಸ ಬಿಟ್ಟು ಓಡಿಬಂದೆ. ಚಿಗವ್ವ ಮೊದಲನೇ ಬಸ್ಸಿಗೇ ಹೋಗಿಬಿಟ್ಟಿದ್ದಳು. ಹೆಂಡತಿ ನನ್ನ ಮುಖ ನೋಡಿ, "ಸುಳ್ಳ ಹೇಳೂದಿದ್ರ ನನಗರ ಹೇಳಿ ಇಡಬೇಕಿತ್ರಿ. ಅವರದ್ದು ಯಾವಾಗ್ಲೂ ಸ್ಪೀಕರ್ ಫೋನು. ನಾನು ಅವರೆದುರು ಕುಂತು ಅವರೆಕಾಯಿ ಸುಲ್ಯಾಕತ್ತಿದ್ದೆ, ರೊಟ್ಟಿ ಎಲ್ಲಿ ಬಡೀಲಿ?" ಎಂದಳು.

ಹದಿನೈದು ದಿನ ಮುಖ ತೋರಿಸಲು ಧೈರ್ಯವಾಗಲಿಲ್ಲ. ಕೊನೆಗೆ ಹೋದೆ. ಬೈಯುತ್ತಾಳೆ, ಬೈಸಿಕೊಂಡು ಮುಗಿಸೋಣ ಎಂದುಕೊಂಡಿದ್ದೆ. ಚಿಗವ್ವ ಎದ್ದು ಬಂದಳು. "ಬಾ, ಕೂಡು" ಎಂದು ಗೋಡೆಗೆ ಒರಗಿಸಿಟ್ಟಿದ್ದ ಕುರ್ಚಿ ಬಿಡಿಸಿಕೊಟ್ಟಳು. ಒಳಗೆ ಹೋಗಿ ಒಂದು ತಟ್ಟೆ ತಂದಳು. ತಟ್ಟೆಯಲ್ಲಿ ತೊಳೆದು ಒರೆಸಿದ ಸ್ಟೀಲಿನ ಲೋಟ, ಲೋಟದಲ್ಲಿ ನೀರು, ಪಕ್ಕದಲ್ಲಿ ಒಂದು ಚೂರು ಬೆಲ್ಲ. ಬಂದವರಿಗೆ ಕೊಡುತ್ತಾರಲ್ಲ, ಬೆಲ್ಲ-ನೀರು. ಬೀಗರಿಗೆ, ಹೆಣ್ಣು ನೋಡಲು ಬಂದವರಿಗೆ, ಮೀಟರು ಓದಲು ಬಂದವನಿಗೂ ಕೊಡುತ್ತಾರೆ. ಆ ಮನೆಯಲ್ಲಿ ನನಗೆ ಯಾರೂ ಯಾವತ್ತೂ ಕೊಟ್ಟಿರಲಿಲ್ಲ.

ಬೆಲ್ಲ ಬಾಯಿಗಿಟ್ಟು ನೀರು ಕುಡಿದೆ. ಚಿಗವ್ವ ನಗುನಗುತ್ತಲೇ ಮಾತಾಡಿದಳು, ನನ್ನ ಮಕ್ಕಳನ್ನು ವಿಚಾರಿಸಿದಳು. ಆ ರಾತ್ರಿಯ ಸುದ್ದಿಯನ್ನು ಎತ್ತಲೇ ಇಲ್ಲ. ನಾನೂ ಎತ್ತಲಿಲ್ಲ. ಆಮೇಲೆ ಪ್ರತಿ ಸಲವೂ ಹೀಗೇ. ಕುರ್ಚಿ, ತಟ್ಟೆ, ಲೋಟ, ಬೆಲ್ಲ. ಹೋಟೆಲಿನಲ್ಲಿ ಶರಬತ್ತಿನ ತಟ್ಟೆ ಬರಬೇಕೆಂದು ಎರಡು ವರ್ಷ ಹೆಣಗಿದವನಿಗೆ ಇಲ್ಲಿ ಕೇಳದೆಯೇ ತಟ್ಟೆ ಬರತೊಡಗಿತು. ಆ ಹೋಟೆಲಿಗೆ ಮತ್ತೆ ಹೋಗಲು ಮನಸ್ಸಾಗಲಿಲ್ಲ. ಚಿಗವ್ವನ ಮನೆಯಲ್ಲಿ ಉಳಿಯುತ್ತೇನೆ ಎನ್ನಲು ಬಾಯಿ ಬರಲಿಲ್ಲ. ಸಂಜೆ ಬಸ್ಸಿಗೆ ಮಾನ್ವಿಗೆ ಹೋಗಿ, ನಸುಕಿನಲ್ಲಿ ನಿಜವಾಗಿಯೂ ಮೊದಲನೇ ಬಸ್ಸಿಗೇ ಬಂದು, ಸಾಲುಗಟ್ಟಿದ ಲಾರಿಯವರ ಬೈಗುಳ ಕೇಳುತ್ತ ಪರೀಕ್ಷೆ ಮುಗಿಸತೊಡಗಿದೆ. ಮೂರು ವರ್ಷ ಹೇಳಿದ ಸುಳ್ಳನ್ನು ಆರು ತಿಂಗಳು ಖರೇ ಮಾಡಿದೆ ಎನ್ನಿ.

ಇವತ್ತು ಮಾನ್ವಿಗೆ ಹೋಗದೆ ರಾತ್ರಿ ರಾಯಚೂರಿನಲ್ಲೇ ಉಳಿಯುವುದೆಂದು ಹೊರಟಿದ್ದೆ. ದೇವದುರ್ಗದಲ್ಲಿ ಬಸ್ಸು ಬಂತು. ಸೋಪು ಕೈಯಲ್ಲೇ ಇತ್ತು. ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಲೇ ಇದ್ದೆ. ಇವತ್ತು ಹೋಟೆಲಿನಲ್ಲಿ ಇಳಿದರೆ ಪಾಯಿಂಟು ಉಳಿಯುತ್ತವೆ, ಇಳಿಯದಿದ್ದರೆ ಹೋಗುತ್ತವೆ. ಪಾಯಿಂಟಿನ ಚಿಂತೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜವಾಗಿ ಹೆದರಿಕೆ ಇದ್ದದ್ದು ಬೇರೆ. ಬ್ಯಾಗು ಹಿಡಿದು ಹೋಗಿ ಇವತ್ತು ಇಲ್ಲೇ ಮಲಗುತ್ತೇನೆ ಎಂದಾಗ ಆ ತಟ್ಟೆ ಮತ್ತೆ ಬಂದರೆ, ನನಗೆ ಆ ಮನೆ ಹೋದಂತೆಯೇ. ಅದನ್ನು ಉಳಿಸಿಕೊಳ್ಳುವ ಆ್ಯಪು ಯಾವುದೂ ಇಲ್ಲ.

ರಾಯಚೂರಿನಲ್ಲಿ ಇಳಿದಾಗ ಐದು ಗಂಟೆ. ಕೋಟೆಯ ಹಿಂದಿನ ಓಣಿಗೆ ನೇರ ದಾರಿಯಲ್ಲೇ ನಡೆದೆ. ಚಿಗವ್ವ ಬಾಗಿಲಲ್ಲಿ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಎದುರಿಗೆ ನಿಂತೆ.

"ಚಿಗವ್ವ, ಅವತ್ತು ನಾನು ಮನ್ಯಾಗ ಇರಲಿಲ್ಲ. ಹೋಟ್ಲಾಗ ಇದ್ದೆ. ಮೂರು ವರ್ಷ ಹಂಗೇ ಮಾಡೀನಿ. ನಿನಗ ಸುಳ್ಳ ಹೇಳೀನಿ. ಇವತ್ತು ಇಲ್ಲೇ ಇರ್ತೀನಿ, ಇರು ಅಂದ್ರ."

ಚಿಗವ್ವ ನನ್ನ ಬ್ಯಾಗು ನೋಡಿದಳು. ಮೊರ ಕೆಳಗಿಟ್ಟು, ಮೊಣಕಾಲು ಹಿಡಿದು ಎದ್ದು, ಅಡಿಗೆಮನೆಗೆ ಹೋದಳು. ಒಳಗೆ ಪಾತ್ರೆಯ ಸದ್ದಾಯಿತು. ನನಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಬೆಲ್ಲದ ಡಬ್ಬಿ ಯಾವ ಗೂಡಿನಲ್ಲಿದೆ ಎಂದು ನನಗೆ ಗೊತ್ತಿತ್ತು. ಅವಳ ಕೈ ಅಲ್ಲಿಗೆ ಹೋಗುತ್ತಿರಬಹುದು ಎಂದು ಎಣಿಸುತ್ತ ನಿಂತೆ.

ಹೊರಗೆ ಬಂದಳು. ಎರಡೂ ಕೈಯಲ್ಲಿ ಒಂದೊಂದು ಖಾಲಿ ಕೊಡ.

"ನಳ ಬಂದಾವ. ಬ್ಯಾಗ್ ಅಲ್ಲೇ ಒಗದು ಬಾ."

ಕೊಡ ಇಸಿದುಕೊಳ್ಳುವಾಗ ಇನ್ನೂ ನನ್ನ ಮುಷ್ಟಿಯಲ್ಲೇ ಇದ್ದ ಸೋಪು ಅವಳ ಕೈಗೆ ಬಂತು. ಮೂಗಿಗೆ ಹಿಡಿದು ನೋಡಿದಳು. "ಇದಾ ವಾಸನಿ. ಮೊದಲನೇ ಬಸ್ಸಿಗೆ ಬಂದೆ ಅಂತ ಬಂದು ರೊಟ್ಟಿ ತಿನ್ನುವಾಗ ಇದಾ ವಾಸನಿ ಬರ್ತಿತ್ತು. ತಾನಾಗೇ ಹೇಳ್ತಾನ ಅಂತ ಮೂರು ವರ್ಷ ಸುಮ್ಮಿದ್ದೆ. ಅವತ್ತು ಫೋನ್ ಮಾಡಿದ್ದೂ ಅದಕ್ಕ. ಈಗರ ಹೇಳ್ಲಿ ಅಂತ."

ನಾನು ನಳದ ಕಡೆ ತಿರುಗಿ ಕೊಡ ಹಿಡಿದೆ. ಕಣ್ಣು ತುಂಬಿ ಬಂದದ್ದು ಅವಳಿಗೆ ಕಾಣಬಾರದಿತ್ತು. ಕೊಡಕ್ಕೆ ನೀರು ಬೀಳುತ್ತಿರುವಾಗಲೇ ಪಾಯಿಂಟಿನ ಕಥೆ, ಸಮುದ್ರದ ಕಥೆ, ಈ ತಿಂಗಳಿಗೆ ಅವು ಮುಗಿಯುವ ಕಥೆ ಎಲ್ಲ ಹೇಳಿದೆ. ಹೋದರೆ ಹೋಗಲಿ, ನನಗೆ ಅವು ಬೇಡ ಎಂದೆ.

"ಯಾಕ ಬ್ಯಾಡ? ಹೆಂಡ್ತಿಗೆ ಸಮುದ್ರ ತೋರಸ್ತೀನಿ ಅಂದೀ, ತೋರ್ಸು" ಎಂದಳು ಚಿಗವ್ವ, ಮತ್ತೆ ಮೊರ ಹಿಡಿದು. "ಅಲ್ಲಿಗೆ ಮುಟ್ಟಿದ ಮ್ಯಾಲೆ ಫೋನ್ ಮಾಡು. ಎಲ್ಲಿ ಅದಿ ಅಂತ ಕೇಳ್ತೀನಿ. ಎಲ್ಲಿ ಅದಿಯೋ ಅದನ್ನಾ ಹೇಳು."

ಕೊಡ ತುಂಬಿ ನನ್ನ ಪ್ಯಾಂಟಿನ ಮೇಲೆ ಹರಿಯತೊಡಗಿತ್ತು. ನೀರಡಿಕೆಯಾಗಿತ್ತು. ಬೊಗಸೆಯೊಡ್ಡಿ ನಳದಿಂದಲೇ ಕುಡಿದು, ಇನ್ನೊಂದು ಕೊಡ ಹಿಡಿದೆ.